ಮಾರ್ದನಿ ಕೊಟ್ಟ ಮನೆ

ಬಚ್ಚಲುಮನೆಯಲ್ಲಿ ಒಮ್ಮೆಯಾದರೂ ಹಾಡದ ಮನುಷ್ಯ ಲೋಕದಲ್ಲಿ ಇರಲಾರ. ನಡುಮನೆಯಲ್ಲಿ ಬಾಯಿ ತೆರೆಯಲು ನಾಚುವವನೂ ಅಲ್ಲಿ ಅಗುಳಿ ಹಾಕಿಕೊಂಡು ತಲೆಯ ಮೇಲೆ ಎರಡು ತಂಬಿಗೆ ನೀರು ಸುರಿದುಕೊಂಡೊಡನೆ ವಿದ್ವಾಂಸನಾಗಿಬಿಡುತ್ತಾನೆ. ಹೊರಗೆ ಒಣಗಿದಂತಿದ್ದ ಕಂಠ ಅಲ್ಲಿ ತುಂಬಿಕೊಳ್ಳುತ್ತದೆ. ತಪ್ಪಿದ ಸ್ವರದ ಅಂಚು ಮೃದುವಾಗುತ್ತದೆ. ಬೆನ್ನ ಹಿಂದೆ ಯಾರೋ ಶ್ರುತಿ ಹಿಡಿದು ಕುಳಿತಂತೆ ಭಾಸವಾಗುತ್ತದೆ. ಮೈ ಒರೆಸಿಕೊಂಡು ಹೊರಬಂದು ಅದೇ ಹಾಡನ್ನು ಮನೆಯವರ ಮುಂದೆ ಹಾಡಿದರೆ ಆ ಸೊಬಗು ಎಲ್ಲಿಯೋ ಅಡಗಿಹೋಗಿರುತ್ತದೆ. ಕಂಠ ಅದೇ; ಕೋಣೆ ಬೇರೆ.

ಕೋಣೆಯು ಕಂಠಕ್ಕೆ ಕೊಡುವ ಈ ಕೊಡುಗೆಯನ್ನು ನೆಚ್ಚಿಕೊಂಡು ಲೋಕಪ್ರಸಿದ್ಧವಾದ ಮನೆಯೊಂದು ಅಮೆರಿಕದ ಡೆಟ್ರಾಯಿಟ್ ನಗರದಲ್ಲಿದೆ. ಅದು ಅರಮನೆಯಲ್ಲ, ರಂಗಮಂದಿರವೂ ಅಲ್ಲ. ಎರಡಂತಸ್ತಿನ ಸಾಧಾರಣ ಮನೆ. ಅದರ ಬಚ್ಚಲೂ ಅಟ್ಟವೂ ಹಾಡಿಗೆ ಒದಗಿಬಂದ ಬಗೆ ಸ್ವಾರಸ್ಯವಾದದ್ದು. ತಮ್ಮ ಹಾಡನ್ನು ಮನೆಯಲ್ಲಿಯೇ ಕುಳಿತು ತಾವೇ ಮುದ್ರಿಸಿಕೊಳ್ಳುವವರು ಹೆಚ್ಚಿರುವ ಈ ಕಾಲದಲ್ಲಿ ಆ ಮನೆಯನ್ನೊಮ್ಮೆ ಸುತ್ತಿ ಬರುವುದು ವ್ಯರ್ಥವಾಗಲಾರದು.

ದೊಡ್ಡ ಬೀದಿಯ ಸಣ್ಣ ಮನೆ

ಡೆಟ್ರಾಯಿಟ್ ಮೋಟಾರುಗಳ ನಗರ. ಅಮೆರಿಕವನ್ನೂ ಕೆನಡಾವನ್ನೂ ಬೇರ್ಪಡಿಸುವ ನದಿಯ ದಡದಲ್ಲಿ ಬೆಳೆದು, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಲೋಕಕ್ಕೆಲ್ಲ ಕಾರುಗಳನ್ನು ಒದಗಿಸಿದ ಊರು. ದಕ್ಷಿಣದ ಹತ್ತಿಯ ಹೊಲಗಳನ್ನೂ ಅಲ್ಲಿನ ಅವಮಾನವನ್ನೂ ಬಿಟ್ಟು ಕೂಲಿ ಅರಸಿ ಬಂದ ಆಫ್ರಿಕನ್ ಅಮೆರಿಕನ್ ಕುಟುಂಬಗಳು ಇಲ್ಲಿಯ ಕಾರ್ಖಾನೆಗಳಲ್ಲಿ ನೆಲೆ ಕಂಡುಕೊಂಡವು. ಬರುವಾಗ ಅವರು ತಂದ ಗಂಟುಮೂಟೆಗಳಲ್ಲಿ ಇಗರ್ಜಿಯ ಹಾಡುಗಾರಿಕೆಯೂ ಒಂದು.

ನಗರದ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ಹೆಸರಿಗೆ ತಕ್ಕಂತೆ ವಿಶಾಲವಾದ ಬೀದಿ. ಅದರ ಒಂದು ಭಾಗದಲ್ಲಿ 1928ರಲ್ಲಿ ಎದ್ದುನಿಂತ ಫಿಷರ್ ಗೋಪುರ. ಅದರ ಎದುರಿಗೆ ಜನರಲ್ ಮೋಟಾರ್ಸ್ ಸಂಸ್ಥೆಯ ಹಿಂದಿನ ಕೇಂದ್ರ ಕಚೇರಿಯ ಬೃಹತ್ ಕಟ್ಟಡ. ಹಣವೆಂದರೆ ಏನು, ಅಧಿಕಾರವೆಂದರೆ ಏನು ಎಂಬುದನ್ನು ಆ ಕಲ್ಲುಗೋಡೆಗಳು ಬಾಯಿಬಿಡದೆ ಹೇಳುತ್ತವೆ. ಅದೇ ಬೀದಿಯಲ್ಲಿ ಪಶ್ಚಿಮಕ್ಕೆ ಸಾಗಿ, ಹೆನ್ರಿ ಫೋರ್ಡ್ ಆಸ್ಪತ್ರೆಯ ಸಮೀಪಕ್ಕೆ ಬಂದರೆ, ಸಾಲುಮನೆಗಳ ನಡುವೆ 2648ನೆಯ ನಂಬರಿನ ಬಿಳಿಯ ಮನೆ ಕಾಣುತ್ತದೆ. ಎದುರಿಗೆ ಹುಲ್ಲಿನ ಸಣ್ಣ ಅಂಗಳ, ನಾಲ್ಕಾರು ಮೆಟ್ಟಿಲು, ದೊಡ್ಡ ಗಾಜಿನ ಕಿಟಕಿ. ಮುಂಗೋಡೆಯ ಮೇಲೆ ನೀಲಿ ಬಣ್ಣದ ಓಟದಕ್ಷರದಲ್ಲಿ ‘ಹಿಟ್ಸ್‌ವಿಲ್, ಯು.ಎಸ್.ಎ.’ ಎಂದು ಬರೆದಿದೆ. ಗೆದ್ದ ಹಾಡುಗಳ ಊರು ಎಂದು ಅದರ ಅರ್ಥ. ಈ ಫಲಕವಿಲ್ಲದಿದ್ದರೆ ಯಾವ ಪ್ರವಾಸಿಗನೂ ಅದರ ಮುಂದೆ ಕಾಲು ನಿಲ್ಲಿಸುತ್ತಿರಲಿಲ್ಲ.

ಮನೆಯನ್ನು 1959ರಲ್ಲಿ ಕೊಂಡವನು ಬೆರಿ ಗಾರ್ಡಿ ಎಂಬ ತರುಣ. ಎಂಟು ಮಕ್ಕಳ ಸಂಸಾರದಲ್ಲಿ ಏಳನೆಯವನು. ಮುಷ್ಟಿಕಾಳಗದಲ್ಲಿ ಕೆಲಕಾಲ ಕಳೆದ. ಗ್ರಾಮಫೋನ್ ತಟ್ಟೆಗಳ ಅಂಗಡಿ ತೆರೆದು ಮುಚ್ಚಿದ. ಲಿಂಕನ್–ಮರ್ಕ್ಯುರಿ ಕಾರ್ಖಾನೆಯಲ್ಲಿ ಕೂಲಿಗೆ ನಿಂತ. ಹಾಡು ಕಟ್ಟುವ ಕೈವಾಡ ಅವನಿಗಿದ್ದಿತು, ಬಂಡವಾಳ ಇರಲಿಲ್ಲ. ಗಾರ್ಡಿ ಕುಟುಂಬದವರು ತಿಂಗಳು ತಿಂಗಳೂ ತಮ್ಮ ಸಂಪಾದನೆಯಲ್ಲಿ ಸ್ವಲ್ಪ ಸ್ವಲ್ಪ ಕೂಡಿಟ್ಟುಕೊಂಡ ಮನೆಯ ನಿಧಿಯೊಂದಿದ್ದಿತು. ಅದರಿಂದ ಸಾಲ ಬೇಕೆಂದು ಕೇಳಿದಾಗ ಎಲ್ಲರಿಗಿಂತ ಕಠಿಣವಾಗಿ ಪ್ರಶ್ನೆ ಹಾಕಿದವಳು ಅಕ್ಕ ಎಸ್ತರ್. ಇಪ್ಪತ್ತೊಂಬತ್ತು ವರ್ಷ ತುಂಬಿದರೂ ಒಂದು ನೆಲೆಗೆ ನಿಲ್ಲದ ತಮ್ಮನ ಕೈಗೆ ಎಲ್ಲರ ಬೆವರಿನ ಹಣವನ್ನು ಕೊಡುವುದು ಹೇಗೆ? ಅಕ್ಕನ ಅನುಮಾನ ಅಕ್ಕರೆಯಿಲ್ಲದ್ದಲ್ಲ. ಮನೆ ನಡೆಸಿ ಬಲ್ಲವರಿಗೆ ಅದು ಅರ್ಥವಾಗುತ್ತದೆ. ಕಡೆಗೆ 1959ರ ಜನವರಿಯಲ್ಲಿ 800 ಡಾಲರು ಮಂಜೂರಾಯಿತು. ‘ಮೋಟೌನ್’ ಎಂದು ಮುಂದೆ ಹೆಸರಾದ ಸಂಸ್ಥೆಯ ಮೂಲಧನ ಅಷ್ಟೆ. ಮೋಟಾರು ಟೌನು ಎಂಬ ಊರಿನ ಅಡ್ಡಹೆಸರನ್ನೇ ಚಿಕ್ಕದು ಮಾಡಿ ಕಟ್ಟಿದ ಪದವದು.

ಈ ಮನೆಯಲ್ಲಿ ಅದಕ್ಕೆ ಮುಂಚೆ ಒಬ್ಬ ಛಾಯಾಗ್ರಾಹಕನ ಸ್ಟುಡಿಯೋ ಇದ್ದಿತು. ಹಿಂಬದಿಯ ಆ ಜಾಗವೇ ಧ್ವನಿಮುದ್ರಣದ ಕೋಣೆಯಾಯಿತು. ಯಂತ್ರಗಳಿಗೂ ಅವುಗಳ ಮುಂದೆ ಕೂರುವ ಎಂಜಿನಿಯರಿಗೂ ಪಕ್ಕದಲ್ಲಿ ಪುಟ್ಟ ನಿಯಂತ್ರಣ ಕೋಣೆಯೊಂದು ಸಿದ್ಧವಾಯಿತು. ಮಹಡಿಯ ಮೇಲೆ ಗಾರ್ಡಿಯ ಬಿಡಾರ. ಮೇಲಿನಿಂದ ಜೋತುಬಿದ್ದ ತಂತಿಗಳ ಗೋಜಲನ್ನು ಕಂಡು ವಾದ್ಯಗಾರರು ಆ ಕೋಣೆಗೆ ‘ಹಾವಿನ ಗುಂಡಿ’ ಎಂದು ಹೆಸರಿಟ್ಟರು. ದಿನದ 24 ಗಂಟೆಗಳಲ್ಲಿ 22 ಗಂಟೆ ಅಲ್ಲಿ ಕೆಲಸ ನಡೆಯುತ್ತಿದ್ದಿತು.

ಆದರೆ ಒಂದು ಕೊರತೆ ಮೊದಲ ದಿನದಿಂದಲೇ ಕಾಡಿತು. ಸಣ್ಣ ಕೋಣೆಯಲ್ಲಿ ಮುದ್ರಿಸಿದ ಹಾಡು ಸಣ್ಣದಾಗಿಯೇ ಕೇಳುತ್ತದೆ. ನ್ಯೂಯಾರ್ಕಿನ ದೊಡ್ಡ ಕಂಪನಿಗಳಿಗೆ ಎತ್ತರದ ಸಭಾಂಗಣಗಳಿದ್ದವು. ಹಾಲಿವುಡ್ಡಿನ ಕ್ಯಾಪಿಟಲ್ ಕಂಪನಿ 1956ರಲ್ಲಿ ತನ್ನ ಹೊಸ ಗೋಪುರ ಕಟ್ಟಿಸುವಾಗ ಮಾರ್ದನಿಗೆಂದೇ ನೆಲದಡಿಯಲ್ಲಿ ಕಾಂಕ್ರೀಟಿನ ಕೋಣೆಗಳನ್ನು ಕಟ್ಟಿಸಿಕೊಂಡಿದ್ದಿತು. ಬಾಡಿಗೆಗೂ ಲೆಕ್ಕ ಹಾಕುವ ಮನೆಯವರು ಅಂತಹ ನೆಲಮಾಳಿಗೆಯನ್ನು ಎಲ್ಲಿಂದ ತರಬೇಕು? ಅಲ್ಲಿಂದ ಹೊರಟ ಹಾಡು ಆ ಕಂಪನಿಗಳ ಹಾಡುಗಳ ಪಕ್ಕದಲ್ಲಿಯೇ ರೇಡಿಯೋದಲ್ಲಿ ನಿಲ್ಲಬೇಕಾಗಿದ್ದಿತು. ಬಡವರ ಮನೆಯ ಹಾಡು ಬಡವಾಗಿ ಕೇಳಿಸಿತೆಂದರೆ ಮರುಕ್ಷಣವೇ ಕೇಳುಗ ಗುಬುಟು ತಿರುಗಿಸಿಬಿಡುತ್ತಾನೆ. 800 ಡಾಲರಷ್ಟೇ ಅಲ್ಲ, ಮನೆಯವರ ಮಾನವೂ ಅದರೊಡನೆ ಹೋಗುತ್ತಿದ್ದಿತು.

ಪ್ರತಿಧ್ವನಿ ಬೇರೆ, ಅನುರಣನ ಬೇರೆ

ಕೊರತೆ ಏನೆಂದು ತಿಳಿಯಬೇಕಾದರೆ ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ವಿಜಾಪುರದ ಗೋಳಗುಮ್ಮಟವನ್ನು ನೋಡಿದವರಿಗೆ ಮೊದಲನೆಯದು ಚೆನ್ನಾಗಿ ಗೊತ್ತು. ಮೇಲಿನ ಮೊಗಸಾಲೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ, ಬೇರೆ ಬೇರೆಯಾಗಿ, ಎಣಿಸಲು ಬರುವಂತೆ ಮರಳುತ್ತದೆ. ಅದು ಪ್ರತಿಧ್ವನಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಗೋಡೆ ಸಾಕಷ್ಟು ದೂರವಿದ್ದರೆ ಹೋಗಿ ಬರುವಷ್ಟರಲ್ಲಿ ಕಿವಿಗೆ ಬಿಡುವು ದೊರೆತು, ಮೂಲಧ್ವನಿಯನ್ನೂ ಮರುಧ್ವನಿಯನ್ನೂ ಎರಡಾಗಿ ಗುರುತಿಸುತ್ತದೆ.

ಬಚ್ಚಲುಮನೆಯಲ್ಲಿ ಗೋಡೆಗಳು ಕೈಯಳತೆಯಲ್ಲಿರುತ್ತವೆ. ಅಲ್ಲಿ ಧ್ವನಿ ಒಂದು ಸೆಕೆಂಡಿನೊಳಗೆ ನೂರಾರು ಸಲ ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ಈ ಮರುಧ್ವನಿಗಳನ್ನು ಕಿವಿ ಎಣಿಸಲಾರದು; ಅವೆಲ್ಲ ಒಂದರೊಳಗೊಂದು ಬೆರೆತು ಹಾಡಿನ ಹಿಂದೆ ಸೆರಗಿನಂತೆ ಎಳೆದುಕೊಂಡು ಬರುತ್ತವೆ. ಇದು ಅನುರಣನ. ಗಂಟೆ ಹೊಡೆದು ಕೈ ಹಿಂತೆಗೆದ ಮೇಲೂ ಗರ್ಭಗುಡಿಯಲ್ಲಿ ಉಳಿಯುವ ಝೇಂಕಾರವನ್ನು ನೆನೆದರೆ ಈ ಮಾತು ತಾನೇ ಸ್ಪಷ್ಟವಾಗುತ್ತದೆ.

ಅನುರಣನವನ್ನು ಅಳೆಯುವ ಶಾಸ್ತ್ರವನ್ನು ಕಟ್ಟಿದವನು ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೆಸ್ ಸಬೀನ್. 1895ರಲ್ಲಿ ಆ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಮಾತು ಕೇಳಿಸದೆ ಎಲ್ಲರೂ ಕಂಗೆಟ್ಟಿದ್ದರು. ಒಮ್ಮೆ ಆಡಿದ ಮಾತು ಅಲ್ಲಿ ಐದೂವರೆ ಸೆಕೆಂಡಿನವರೆಗೆ ಸಾಯುತ್ತಿರಲಿಲ್ಲ. ಅಷ್ಟರಲ್ಲಿ ಮುಂದಿನ ಹತ್ತಾರು ಮಾತುಗಳು ಬಂದು ಅದರ ಮೇಲೆ ಬೀಳುತ್ತಿದ್ದವು. ಸಬೀನ್ ರಾತ್ರಿಯ ಹೊತ್ತಿನಲ್ಲಿ ಬೇರೊಂದು ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಒಂದೊಂದು ಮೆತ್ತೆಗೆ ಧ್ವನಿ ಎಷ್ಟು ಬೇಗ ಅಡಗುತ್ತದೆಂದು ಲೆಕ್ಕವಿಟ್ಟ. ಅವನು ಕಂಡುಕೊಂಡದ್ದು ಸರಳ: ಕೋಣೆ ದೊಡ್ಡದಾದಷ್ಟೂ ಅನುರಣನ ದೀರ್ಘ, ಬಟ್ಟೆ, ಮೆತ್ತೆ, ಜನ ಹೆಚ್ಚಿದಷ್ಟೂ ಹ್ರಸ್ವ. ಧ್ವನಿಯ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಹಿಡಿಯುವ ಹೊತ್ತನ್ನೇ ಇಂದಿಗೂ ಅನುರಣನ ಕಾಲವೆಂದು ಕರೆಯುತ್ತಾರೆ.

ಇದರಿಂದ ಒಂದು ಇಕ್ಕಟ್ಟು ಹುಟ್ಟುತ್ತದೆ. ಅನುರಣನ ಇಲ್ಲದಿದ್ದರೆ ಕಂಠ ಒಣಗುತ್ತದೆ. ಹೆಚ್ಚಾದರೆ ಸಾಹಿತ್ಯ ಮುಳುಗುತ್ತದೆ. ಮನೆಯಲ್ಲಿ ಹಾಡುವವರಿಗೆಲ್ಲ ಎದುರಾಗುವ ಇಕ್ಕಟ್ಟು ಇದೇ. ಗಾರ್ಡಿಯ ಮನೆಯವರೂ ಇದರಿಂದ ಪಾರಾಗಬೇಕಾಗಿದ್ದಿತು.

ಬಚ್ಚಲಿಗೆ ಕಾವಲು

ದಾರಿ ಹೊಸದೇನೂ ಆಗಿರಲಿಲ್ಲ. 1947ರಲ್ಲಿ ಚಿಕಾಗೋ ನಗರದ ಬಿಲ್ ಪಟ್ನಮ್ ಎಂಬ ಎಂಜಿನಿಯರು ಹಾರ್ಮೋನಿಕಾ ವಾದಕರ ಒಂದು ತಂಡದ ವಾದನಕ್ಕೆ ತನ್ನ ಸ್ಟುಡಿಯೋದ ಬಚ್ಚಲಿನ ಅನುರಣನವನ್ನು ಬೆರೆಸಿ, ಆ ತಟ್ಟೆ ಅಪಾರವಾಗಿ ಖರ್ಚಾದದ್ದು ಕಸುಬಿನವರಿಗೆಲ್ಲ ತಿಳಿದಿದ್ದಿತು. ಡೆಟ್ರಾಯಿಟಿನ ಮನೆಯಲ್ಲಿಯೂ ಮೊದಲು ನೆಲಮಹಡಿಯ ಬಚ್ಚಲೇ ಮಾರ್ದನಿಯ ಕೋಣೆಯಾಯಿತು. ಮಹಡಿಯ ಮೆಟ್ಟಿಲ ಪಕ್ಕದ ಹಜಾರ ಹಾಡುವವರ ಗೂಡಾಯಿತು.

ಕ್ರಮ ಹೀಗೆ: ಗಾಯಕಿ ನಿಲ್ಲುವುದು ಬಚ್ಚಲಿನಲ್ಲಲ್ಲ. ಅವಳು ಮೈಕಿನ ಹತ್ತಿರ, ಮಾರ್ದನಿಯಿಲ್ಲದ ಜಾಗದಲ್ಲಿ, ಶುಷ್ಕವಾಗಿ ಹಾಡುತ್ತಾಳೆ. ಆ ಧ್ವನಿಯ ಒಂದು ಕವಲು ತಂತಿಯ ಮೂಲಕ ನೇರವಾಗಿ ಎಂಜಿನಿಯರಿಗೆ ಬರುತ್ತದೆ. ಇನ್ನೊಂದು ಕವಲು ಬಚ್ಚಲಿನಲ್ಲಿಟ್ಟ ಧ್ವನಿವರ್ಧಕಕ್ಕೆ ಹೋಗುತ್ತದೆ. ಅಲ್ಲಿ ಅದು ಹಂಚು ಗಾರೆಗಳ ನಡುವೆ ಪುಟಿದು ತುಂಬಿಕೊಂಡದ್ದನ್ನು ಬೇರೊಂದು ಮೈಕು ಹಿಡಿದು ಹಿಂದಕ್ಕೆ ಕಳುಹಿಸುತ್ತದೆ. ಎಂಜಿನಿಯರು ಎರಡನ್ನೂ ಬೇಕಾದ ಹದದಲ್ಲಿ ಕೂಡಿಸುತ್ತಾನೆ. ಕಂಠ ಒಂದು ಕೋಣೆಯಲ್ಲಿ, ಅದರ ನೆರಳು ಇನ್ನೊಂದರಲ್ಲಿ. ಒಣಗಿದ ಕಂಠದಿಂದ ಸಾಹಿತ್ಯ ಸ್ಪಷ್ಟವಾಗುತ್ತದೆ. ನೆರಳಿನಿಂದ ಅದಕ್ಕೆ ಮೈ ಬರುತ್ತದೆ. ಇಕ್ಕಟ್ಟು ಬಿಡಿಸಿತು.

ಬಿಡಿಸಿತೆಂದರೂ ತೊಂದರೆ ಇಲ್ಲದಿರಲಿಲ್ಲ. ಮಾರ್ದನಿಯ ಕೋಣೆಯಾದರೂ ಬಚ್ಚಲು ಬಚ್ಚಲೇ. ಮನೆಯಲ್ಲಿ ಗಾಯಕರು, ವಾದ್ಯಗಾರರು, ಗುಮಾಸ್ತರು, ಬಂದುಹೋಗುವವರು—ಯಾರಿಗೆ ಯಾವಾಗ ಅವಸರವಾದೀತೆಂದು ಹೇಳುವವರಾರು? ಹಾಡು ಚರಣಕ್ಕೇರಿ, ಎಲ್ಲರೂ ಉಸಿರು ಬಿಗಿಹಿಡಿದಿರುವಾಗ ಒಳಗೆ ಯಾರಾದರೂ ಸರಪಣಿ ಎಳೆದು ನೀರು ಬಿಟ್ಟರೆ ಮುಗಿಯಿತು. ಭೋರ್ಗರೆವ ಜಲಪಾತವೂ ಹಾಡಿನೊಡನೆ ಮುದ್ರಿತವಾಗುತ್ತದೆ. ಆದಕಾರಣ ಮುದ್ರಣದ ಹೊತ್ತಿನಲ್ಲಿ ಬಾಗಿಲ ಬಳಿ ಒಬ್ಬನನ್ನು ಕಾವಲು ನಿಲ್ಲಿಸಬೇಕಾಗುತ್ತಿದ್ದಿತೆಂದು ಗಾರ್ಡಿಯೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಅಟ್ಟ ಹಾಡಿತು

ಅನಂತರ ದೃಷ್ಟಿ ಅಟ್ಟದ ಕಡೆ ಹರಿಯಿತು. ಮಹಡಿಯ ಮೇಲ್ಛಾವಣಿಯಲ್ಲಿ ಒಂದು ಕಂಡಿ ಕೊರೆದು, ಮೇಲಿನ ಖಾಲಿ ಜಾಗವನ್ನು ಮಾರ್ದನಿಯ ಕೋಣೆಯಾಗಿ ಮಾಡಿಕೊಂಡರು. ಹಳೆಯ ಪೆಟ್ಟಿಗೆಗಳೂ ಧೂಳೂ ತುಂಬುವ ಜಾಗದಲ್ಲಿ ಧ್ವನಿವರ್ಧಕವೂ ಮೈಕೂ ಬಂದು ಕುಳಿತವು. ಕೆಳಗೆ ಹದಿಹರೆಯದ ಹುಡುಗಿಯರು ಹಾಡುತ್ತಿದ್ದಂತೆ ಮೇಲೆ ಯಾರೂ ಇಲ್ಲದ ಅಟ್ಟ ಅವರೊಡನೆ ಹಾಡತೊಡಗಿತು.

ಅಟ್ಟದ ಅನುರಣನ ಗುಮ್ಮಟದ ಹಾಗೆ ಗಂಭೀರವಲ್ಲ, ಇಗರ್ಜಿಯ ಹಾಗೆ ದೀರ್ಘವೂ ಅಲ್ಲ. ಅದು ಹಾಡಿನ ತಾಳಕ್ಕೆ ಅಡ್ಡಬಾರದೆ, ಒಂದು ಮಾತಿಗೂ ಮತ್ತೊಂದು ಮಾತಿಗೂ ನಡುವಿನ ಸಂದನ್ನು ತುಂಬಿ ಸರಿದುಹೋಗುತ್ತಿದ್ದಿತು. ಕುಣಿತದ ಹಾಡಿಗೆ ಬೇಕಾದದ್ದೂ ಅಷ್ಟೆ. ಮನೆ ಸಣ್ಣದಾದದ್ದರಿಂದಲೇ ದೊರೆತ ಹದ ಇದು. ದೊಡ್ಡ ಸಭಾಂಗಣ ಇದ್ದಿದ್ದರೆ ಆ ಹಾಡುಗಳು ಬೇರೆ ಬಗೆಯಾಗಿ ಕೇಳುತ್ತಿದ್ದವು.

ಹದ ನೋಡುವ ಬಗೆಯಲ್ಲಿಯೂ ಒಂದು ಜಾಣತನವಿದ್ದಿತು. ಸ್ಟುಡಿಯೋದ ಒಳ್ಳೆಯ ಧ್ವನಿವರ್ಧಕದಲ್ಲಿ ಎಲ್ಲ ಹಾಡೂ ಚೆನ್ನಾಗಿ ಕೇಳುತ್ತದೆ. ಆದರೆ ಕೇಳುಗ ಕುಳಿತಿರುವುದು ಕಾರಿನಲ್ಲಿ. ಅವನ ಮುಂದಿರುವುದು ಅಂಗೈಯಗಲದ ರೇಡಿಯೋ. ಆದ್ದರಿಂದ ಕಾರಿನ ರೇಡಿಯೋದಂತೆ ಕೀರಲು ಧ್ವನಿ ಹೊರಡಿಸುವ ಸಣ್ಣ ಧ್ವನಿವರ್ಧಕದಲ್ಲಿ ಹಾಕಿ ಕೇಳಿ, ಅಲ್ಲಿ ಸಾಹಿತ್ಯ ಸ್ಪಷ್ಟವಾಗಿದ್ದರೆ ಮಾತ್ರ ಒಪ್ಪುತ್ತಿದ್ದರು. ಶುಕ್ರವಾರದ ಬೆಳಗ್ಗೆ ಎಲ್ಲರೂ ಕೂಡಿ ಆ ವಾರದ ಹಾಡುಗಳಿಗೆ ಮತ ಹಾಕುವರು. ಕೈಯಲ್ಲಿ ಕೊನೆಯ ಡಾಲರು ಇರುವ ಹಸಿದ ಹುಡುಗ ಈ ತಟ್ಟೆಯನ್ನು ಕೊಳ್ಳುವನೋ, ತಿಂಡಿಯನ್ನು ಕೊಳ್ಳುವನೋ ಎಂದು ಗಾರ್ಡಿ ಕೇಳುತ್ತಿದ್ದನಂತೆ. ಹಸಿವನ್ನು ಬಲ್ಲವನ ಪ್ರಶ್ನೆ ಅದು.

ಫಲ ತಡವಾಗಲಿಲ್ಲ. 1959ರಲ್ಲಿ ಬ್ಯಾರೆಟ್ ಸ್ಟ್ರಾಂಗ್ ಅಲ್ಲಿ ಹಾಡಿದ ‘ಮನಿ’ ಎಂಬ ಹಾಡು ಮನೆಯ ಹೆಸರನ್ನು ಹೊರಗೆ ತಂದಿತು. 1961ರಲ್ಲಿ ಮಾರ್ವೆಲೆಟ್ಸ್ ತಂಡದ ಶಾಲಾ ಹುಡುಗಿಯರು ಹಾಡಿದ ‘ಪ್ಲೀಸ್ ಮಿಸ್ಟರ್ ಪೋಸ್ಟ್‌ಮನ್’ ದೇಶದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಅದೇ ವರ್ಷ ಸ್ಟೀವಿ ವಂಡರ್ ಎಂಬ ಹನ್ನೊಂದು ವರ್ಷದ ಅಂಧ ಬಾಲಕ ಮನೆಯೊಳಕ್ಕೆ ಬಂದ. 1964ರಿಂದ ಸುಪ್ರೀಮ್ಸ್ ಎಂಬ ಮೂವರು ಹುಡುಗಿಯರ ತಂಡ ಸಾಲುಸಾಲಾಗಿ ಗೆದ್ದಿತು. ಒಂದೇ ಹೋಟೆಲಿನಲ್ಲಿ ಬಿಳಿಯರೊಡನೆ ಕುಳಿತು ಉಣ್ಣಲು ದಕ್ಷಿಣದ ರಾಜ್ಯಗಳಲ್ಲಿ ಕರಿಯ ಜನಕ್ಕೆ ಅವಕಾಶವಿಲ್ಲದಿದ್ದ ಕಾಲದಲ್ಲಿ ಅವರ ಕಂಠ ಬಿಳಿಯರ ನಡುಮನೆಗಳಿಗೆ ರೇಡಿಯೋದ ಮೂಲಕ ಯಾರನ್ನೂ ಕೇಳದೆ ನಡೆದುಹೋಯಿತು. ಅಕ್ಕಪಕ್ಕದ ಮನೆಗಳೂ ಒಂದೊಂದಾಗಿ ಸಂಸ್ಥೆಯ ಕೈಸೇರಿದವು. ಹಾಡು ಮಾತ್ರ ಹಾವಿನ ಗುಂಡಿಯಲ್ಲಿಯೇ ಹುಟ್ಟುತ್ತಿದ್ದಿತು.

ಹಾಡು ನಿಂತ ಮೇಲೆ

1967ರ ಜುಲೈ ತಿಂಗಳಲ್ಲಿ ಡೆಟ್ರಾಯಿಟ್ ಹೊತ್ತಿ ಉರಿಯಿತು. ಈ ಮನೆಗೆ ಬಹುದೂರವಲ್ಲದ ಬೀದಿಯಲ್ಲಿ ಪೊಲೀಸರ ದಾಳಿಯಿಂದ ಆರಂಭವಾದ ಗಲಭೆ ಐದು ದಿನ ನಡೆದು, 43 ಜನರ ಪ್ರಾಣ ತೆಗೆದುಕೊಂಡಿತು. ಮರುವರ್ಷ ಸಂಸ್ಥೆಯ ಕಚೇರಿ ನಗರದ ಮಧ್ಯದ ದೊಡ್ಡ ಕಟ್ಟಡಕ್ಕೆ ಹೋಯಿತು. 1972ರಲ್ಲಿ ಸಂಸ್ಥೆಯೇ ಲಾಸ್ ಏಂಜಲೀಸಿಗೆ ಹೊರಟಿತು. ಹಾವಿನ ಗುಂಡಿಯ ದೀಪ ಆರಿತು. ಊರೂ ಬರಿದಾಗುತ್ತ ಬಂದಿತು. 1950ರ ಜನಗಣತಿಯಲ್ಲಿ 18 ಲಕ್ಷ 49 ಸಾವಿರ ಇದ್ದ ಜನಸಂಖ್ಯೆ 2020ರಲ್ಲಿ 6 ಲಕ್ಷ 39 ಸಾವಿರಕ್ಕೆ ಇಳಿದಿದ್ದಿತು.

ಆದರೆ ಮನೆ ಉಳಿಯಿತು. ಉಳಿಸಿದವಳು ಬೇರಾರೂ ಅಲ್ಲ. 800 ಡಾಲರು ಕೊಡುವ ಮುನ್ನ ಹತ್ತು ಸಲ ಯೋಚಿಸಿದ ಅದೇ ಅಕ್ಕ, ಎಸ್ತರ್ ಗಾರ್ಡಿ ಎಡ್ವರ್ಡ್ಸ್. ಎಲ್ಲರೂ ಹೊರಟಾಗ ಅವಳು ಊರಿನಲ್ಲಿಯೇ ನಿಂತಳು. ಹಳೆಯ ಚಿತ್ರಗಳನ್ನೂ ಕಾಗದಪತ್ರಗಳನ್ನೂ ಎಸೆಯಗೊಡದೆ ಕಾಪಾಡಿಕೊಂಡು, 1985ರಲ್ಲಿ ಮನೆಯನ್ನು ವಸ್ತುಸಂಗ್ರಹಾಲಯವಾಗಿ ತೆರೆದಳು. ಕೈಬಿಗಿ ಮಾಡಿದವರೇ ಕಡೆಗೆ ಕಾಯುವವರೂ ಆಗುವುದು ನಮ್ಮ ಮನೆಗಳಲ್ಲಿಯೂ ಕಾಣದ ಸಂಗತಿಯಲ್ಲ.

ಒಳಗೆ ಹೋದವರಿಗೆ ಮೊದಲು ಅಚ್ಚರಿಯಾಗುವುದು ಕೋಣೆಗಳ ಇಕ್ಕಟ್ಟು. ಇಷ್ಟು ಜಾಗದಲ್ಲಿ ಹತ್ತು ಹನ್ನೆರಡು ವಾದ್ಯಗಾರರು ಹೇಗೆ ಕುಳಿತರು ಎನ್ನಿಸುತ್ತದೆ. ಅಲ್ಲಿಯ ದೊಡ್ಡ ಪಿಯಾನೋ 1877ರದು. 2011ರಲ್ಲಿ ನೋಡಲು ಬಂದ ಇಂಗ್ಲೆಂಡಿನ ಪಾಲ್ ಮೆಕಾರ್ಟ್ನಿ ಅದರ ಜೀರ್ಣೋದ್ಧಾರಕ್ಕೆ ನೆರವಾದ. ನಿಯಂತ್ರಣ ಕೋಣೆಯ ನೆಲದಲ್ಲಿ ಒಂದು ಕಡೆ ಸವೆದಿದೆ. ವರ್ಷಗಟ್ಟಲೆ ಅಲ್ಲಿ ಕುಳಿತವರು ಕಾಲಿನಿಂದ ತಾಳ ತಟ್ಟಿ ಸವೆಸಿದ್ದು. ಹೊರಗಿನ ಮಿಠಾಯಿಯ ಯಂತ್ರದಲ್ಲಿ ಸ್ಟೀವಿ ವಂಡರನಿಗೆ ಪ್ರಿಯವಾದ ಮಿಠಾಯಿಯನ್ನು ಯಾವಾಗಲೂ ಒಂದೇ ಖಾನೆಯಲ್ಲಿ ಇಡುತ್ತಿದ್ದರಂತೆ. ಕಣ್ಣಿಲ್ಲದ ಹುಡುಗ ಬೆರಳಿನಿಂದ ಎಣಿಸಿ ತೆಗೆದುಕೊಳ್ಳಲೆಂದು.

ನಮ್ಮ ಮನೆಗಳ ಮಾರ್ದನಿ

ಈ ಮನೆಯ ಪಾಠ ಇಂದಿನ ಮನೆಗಳಿಗೆ ಹಳಸಿಲ್ಲ. ಈಗ ಮೊಬೈಲು ಫೋನಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಯಾರು ಬೇಕಾದರೂ ಹಾಡು ಮುದ್ರಿಸಬಹುದು. ಗುಂಡಿಯೊಂದನ್ನು ಒತ್ತಿದರೆ ಗುಮ್ಮಟದ ಅನುರಣನವೂ ಬರುತ್ತದೆ, ಗುಹೆಯದೂ ಬರುತ್ತದೆ. ಅಷ್ಟಾದರೂ ಹಲವರ ಹಾಡು ಡಬ್ಬದೊಳಗಿನಿಂದ ಬಂದಂತೆಯೋ ಬಾವಿಯೊಳಗಿನಿಂದ ಬಂದಂತೆಯೋ ಕೇಳುವುದೇಕೆ?

ಮೊದಲ ತಪ್ಪು ಕಂಠವನ್ನು ಒಣಗಿಸದಿರುವುದು. ಖಾಲಿ ಕೋಣೆಯಲ್ಲಿ ಹಾಡಿದರೆ ಆ ಕೋಣೆಯ ಗೋಡೆಗಳ ಸದ್ದು ಹಾಡಿಗೆ ಅಂಟಿಕೊಳ್ಳುತ್ತದೆ. ಅಂಟಿದ್ದನ್ನು ಮತ್ತೆ ಬಿಡಿಸುವುದು ಕಷ್ಟ. ಅದರ ಮೇಲೆ ಇನ್ನೊಂದು ಅನುರಣನ ಸುರಿದರೆ ರಾಡಿಯಾಗುತ್ತದೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು, ಬೆನ್ನ ಹಿಂದೆ ಕೌದಿಯನ್ನೋ ಹಾಸಿಗೆಯನ್ನೋ ನಿಲ್ಲಿಸಿ, ಬಾಯಿಂದ ಒಂದು ಗೇಣು ದೂರದಲ್ಲಿ ಮೈಕು ಇಟ್ಟು ಹಾಡುವುದು ಲೇಸು. ಕೇಳಲು ನೀರಸವೆನಿಸುತ್ತದೆ, ನೀರಸವಾಗಿಯೇ ಇರಬೇಕು.

ಆಮೇಲೆ ನೆರಳು. ಮುದ್ರಿಸಿದ ಕಂಠವನ್ನು ಬಚ್ಚಲಿನಲ್ಲೋ ಮೆಟ್ಟಿಲ ಗೂಡಿನಲ್ಲೋ ಧ್ವನಿವರ್ಧಕದ ಮೂಲಕ ನುಡಿಸಿ, ಮತ್ತೆ ಮುದ್ರಿಸಿಕೊಳ್ಳಬಹುದು. ಧ್ವನಿವರ್ಧಕದ ಮುಖ ಗೋಡೆಯ ಮೂಲೆಗಿರಲಿ. ಮೈಕು ಅದಕ್ಕೆ ಬೆನ್ನು ಹಾಕಿ ದೂರದಲ್ಲಿರಲಿ. ಆಗ ನೇರ ಧ್ವನಿ ಬಾರದೆ, ಪುಟಿದ ಧ್ವನಿ ಮಾತ್ರ ಬರುತ್ತದೆ. ನಲ್ಲಿ ತೊಟ್ಟಿಕ್ಕದಂತೆ, ಅಡಿಗೆಮನೆಯ ಕುಕ್ಕರು ಕೂಗದಂತೆ ನೋಡಿಕೊಳ್ಳಬೇಕು. ಡೆಟ್ರಾಯಿಟಿನವರಂತೆ ಒಬ್ಬ ಕಾವಲುಗಾರನಿದ್ದರೂ ತಪ್ಪಿಲ್ಲ. ಯಂತ್ರದ ಅನುರಣನವನ್ನೇ ಬಳಸುವುದಾದರೂ ಕ್ರಮ ಒಂದೇ: ಕಂಠ ಬೇರೆ, ನೆರಳು ಬೇರೆ, ಕೂಡಿಸುವುದು ಕಡೆಗೆ.

ನೆರಳನ್ನು ಹಾಗೆಯೇ ಬಿಡಲಾಗದು. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದವರು ತಮ್ಮ ಮಾರ್ದನಿಯ ಕೋಣೆಗೆ ಧ್ವನಿ ಕಳುಹಿಸುವಾಗ 600 ಹರ್ಟ್ಜ್‌ಗಿಂತ ಕೆಳಗಿನ ಗುಡುಗನ್ನೂ 10,000ಕ್ಕಿಂತ ಮೇಲಿನ ಸೀಟಿಯನ್ನೂ ಸೋಸಿಬಿಡುತ್ತಿದ್ದರು. ಹಾಡಿನ ಮಂಕು ಹೋಗಿ ಮಾತು ತಿಳಿಯಾಗಲು ಇಂದಿಗೂ ಇದಕ್ಕಿಂತ ಸುಲಭದ ಉಪಾಯವಿಲ್ಲ. ನೆರಳು ಕಂಠಕ್ಕಿಂತ ಒಂದು ಸೆಕೆಂಡಿನ ಸಾವಿರದಲ್ಲಿ 20ರಿಂದ 40 ಪಾಲಿನಷ್ಟು ತಡೆದು ಬಂದರೆ ಮತ್ತೂ ಒಳ್ಳೆಯದು. ಮಾತು ಮೊದಲು ಕಿವಿಗೆ ಬಿದ್ದು, ಆಮೇಲೆ ಅದರ ಸೆರಗು ಕಾಣುತ್ತದೆ. ವೇಗದ ಹಾಡಿಗೆ ಸುಮಾರು ಒಂದು ಸೆಕೆಂಡಿನ ಅನುರಣನ ಸಾಕು. ಚೌಕಕಾಲದ ಹಾಡಿಗೆ ಎರಡು ಸೆಕೆಂಡಾದರೂ ಸಲ್ಲುತ್ತದೆ.

ಪ್ರಮಾಣ ಎಷ್ಟು? ಅಡಿಗೆಯಲ್ಲಿ ಉಪ್ಪಿರುವಷ್ಟು. ಇದ್ದಾಗ ಹೆಸರು ಹೇಳುವವರಿಲ್ಲ, ಇಲ್ಲದಾಗ ಎಲ್ಲರಿಗೂ ಗೊತ್ತಾಗುತ್ತದೆ. ಅನುರಣನ ಕೇಳಿಸುವವರೆಗೆ ಏರಿಸಿ, ಅಲ್ಲಿಂದ ಒಂದಿಷ್ಟು ಇಳಿಸಬೇಕು. ಬಳಿಕ ಮನೆಯ ಅತಿ ಸಣ್ಣ ಧ್ವನಿವರ್ಧಕದಲ್ಲಿ ಹಾಕಿ, ಆ ಹಾಡನ್ನು ಹಿಂದೆಂದೂ ಕೇಳದ ಒಬ್ಬರನ್ನು ಕೂರಿಸಿ, ಸಾಹಿತ್ಯವೇನೆಂದು ಕೇಳಬೇಕು. ತಡವರಿಸದೆ ಹೇಳಿದರೆ ಹದ ಸರಿ. ಶುಕ್ರವಾರದ ಮತದಾನಕ್ಕೆ ಮನೆಯಲ್ಲಿ ಜನರಿಗೇನೂ ಕೊರತೆಯಿರದು.

ಕಂಡಿಯ ಕೆಳಗೆ

ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡಿನ ಮನೆಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಮಾರ್ಗದರ್ಶಿಗಳು ಮಹಡಿಯ ಮೇಲೆ ಒಂದು ಕಡೆ ನಿಲ್ಲಿಸುತ್ತಾರೆ. ತಲೆಯ ಮೇಲೆ ಅಟ್ಟಕ್ಕೆ ಕೊರೆದ ಕಂಡಿ. ಅದರ ಕೆಳಗೆ ನಿಂತು ಚಪ್ಪಾಳೆ ತಟ್ಟಿ, ಬೇಕಾದರೆ ಹಾಡಿ ಎನ್ನುತ್ತಾರೆ. ಮೊದಲು ಎಲ್ಲರೂ ನಾಚುತ್ತಾರೆ. ಬಳಿಕ ಯಾರೋ ಒಬ್ಬರು ಮೆಲ್ಲನೆ ಕೈ ತಟ್ಟುತ್ತಾರೆ.

ಚಪ್ಪಾಳೆ ಮೇಲೇರಿ, ಒಂದು ಗಳಿಗೆ ಅಟ್ಟದಲ್ಲಿ ಸುಳಿದಾಡಿ, ದುಂಡಗಾಗಿ ಕೆಳಗಿಳಿಯುತ್ತದೆ. ಹಾಡಿದವರಲ್ಲಿ ಅನೇಕರು ಈಗಿಲ್ಲ. ಅಕ್ಕ ಎಸ್ತರ್ 2011ರಲ್ಲಿ ತೀರಿಕೊಂಡಳು. ಕಾರ್ಖಾನೆಗಳು ಮುಚ್ಚಿದವು, ಬೀದಿಗಳು ಬರಿದಾದವು. ಅಟ್ಟ ಮಾತ್ರ ತನ್ನ ಕೆಲಸ ಮರೆತಿಲ್ಲ. ಕೆಳಗಿನಿಂದ ಯಾರು ಏನು ಕೊಟ್ಟರೂ ಅದಕ್ಕೆ ಒಂದಿಷ್ಟು ಸೇರಿಸಿಯೇ ಹಿಂದಿರುಗಿಸುತ್ತದೆ. ನಾಚಿಕೊಂಡು ನಿಂತಿದ್ದ ಪ್ರವಾಸಿಗ ಆಗ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಚಪ್ಪಾಳೆ ತಟ್ಟುತ್ತಾನೆ.